ಸಿಪಿಎಲ್‌ನಿಂದ ಏರ್‌ಲೈನ್ ಕೆಲಸದವರೆಗೆ: ಅರ್ಹತೆ ಎಷ್ಟು ಬೇಕು, ಕೆಲಸ ಎಲ್ಲಿದೆ

“ದೇಶದಲ್ಲಿ ಪೈಲಟ್‌ಗಳ ಕೊರತೆ” ಎಂಬ ಸುದ್ದಿ ಬಂದಾಗಲೆಲ್ಲ ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಸುದ್ದಿ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಕೊರತೆ ಇರುವುದು ಎಡಗಡೆ ಸೀಟಿಗೆ, ಅಂದರೆ ಕ್ಯಾಪ್ಟನ್‌ಗಳಿಗೆ. 200 ಗಂಟೆ ಹಾರಿಸಿ, ಕಮರ್ಷಿಯಲ್ ಪೈಲಟ್ ಲೈಸೆನ್ಸ್ (ಸಿಪಿಎಲ್) ಹಿಡಿದು ಬರುವ ಹೊಸಬರು ಕೂರುವುದು ಬಲಗಡೆ, ಅಂದರೆ ಕೋ-ಪೈಲಟ್ ಸೀಟಿನಲ್ಲಿ. ಅಲ್ಲಿಗೆ ದೊಡ್ಡ ಸಾಲೇ ನಿಂತಿದೆ. ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವ ಕೇಂದ್ರ ಸಂಸ್ಥೆ ಡಿಜಿಸಿಎ 2022ರಲ್ಲಿ 1,165 ಸಿಪಿಎಲ್ ಕೊಟ್ಟಿತ್ತು, 2023ರಲ್ಲಿ 1,622. ಇವರೆಲ್ಲರಿಗೂ ಅದೇ ವರ್ಷ ಏರ್‌ಲೈನ್ ಕೆಲಸ ಸಿಗುವುದಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಣ, ಸಮಯ ಎರಡನ್ನೂ ಹೊಂದಿಸಿಕೊಳ್ಳಬೇಕು. ನಾನು ಹಿಡಿದ ಕ್ರಮ ಇದು: ಮೊದಲು ಮೆಡಿಕಲ್, ಆಮೇಲೆ ಪರೀಕ್ಷೆಗಳು, ಆಮೇಲೆ ಹಾರಾಟ. ಇವತ್ತು ಯಾರು ಕೇಳಿದರೂ ಇದೇ ಕ್ರಮ ಹೇಳುತ್ತೇನೆ.

ಓದಿನ ಅರ್ಹತೆ ಸರಳ. 10+2, ಅದರಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಪಾಸಾಗಿರಬೇಕು. ಪಿಯುಸಿಯಲ್ಲಿ ಕಾಮರ್ಸ್ ಅಥವಾ ಆರ್ಟ್ಸ್ ಮಾಡಿದವರು ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಮೂಲಕ ಈ ಎರಡು ವಿಷಯಗಳನ್ನು ಮಾತ್ರ ಬರೆದು ಪಾಸಾಗಬಹುದು. ಡಿಗ್ರಿ ಬೇಕೆಂಬ ನಿಯಮವಿಲ್ಲ. ಆದರೆ ಕೆಲವು ಕಂಪನಿಗಳು ನೇಮಕದ ಹೊತ್ತಿಗೆ ಹತ್ತನೇ ತರಗತಿ, ಪಿಯುಸಿ ಅಂಕಗಳನ್ನು ನೋಡುತ್ತವೆ, ಶೇ 50ರಿಂದ 60ರಷ್ಟು ಕೇಳುವುದುಂಟು. ಹಾಗಾಗಿ ಬರೀ ಪಾಸಾದರೆ ಸಾಕು ಎಂದು ಪಿಯುಸಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ 16 ವರ್ಷ, ಸಿಪಿಎಲ್‌ಗೆ 18 ವರ್ಷ ತುಂಬಿರಬೇಕು.

ಮೆಡಿಕಲ್ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರ ಬಳಿ ಕ್ಲಾಸ್ 2. ಅದು ಮುಗಿದು ಫೈಲ್ ನಂಬರ್ ಬಂದ ಮೇಲೆ ಕ್ಲಾಸ್ 1. ಏರ್‌ಲೈನ್‌ಗೆ ಬೇಕಿರುವುದು ಇದೇ. ಮೊದಲ ಸಲದ ಕ್ಲಾಸ್ 1 ಪರೀಕ್ಷೆಗೆ ನಿಗದಿತ ಕೇಂದ್ರಗಳಿಗೇ ಹೋಗಬೇಕು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅವುಗಳಲ್ಲಿ ಒಂದು, ನಮ್ಮ ಕಡೆಯವರಿಗೆ ಹತ್ತಿರದ್ದೂ ಹೌದು. ದಿನಾಂಕ ಸಿಗಲು ಕಾಯಬೇಕಾಗುತ್ತದೆ. ಕಣ್ಣು, ಕಿವಿ, ಇಸಿಜಿ, ರಕ್ತ, ಎಕ್ಸ್‌ರೇ ಎಲ್ಲವನ್ನೂ ನೋಡುತ್ತಾರೆ. ಕನ್ನಡಕ ಇದ್ದರೆ ತೊಂದರೆಯಿಲ್ಲ, ಕನ್ನಡಕ ಹಾಕಿಕೊಂಡಾಗ ದೃಷ್ಟಿ 6/6ಕ್ಕೆ ಬರಬೇಕು. ಜನ ಹೆಚ್ಚಾಗಿ ಎಡವುವುದು ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ, ಇಲ್ಲವೇ ಬಿಪಿ ಮತ್ತು ತೂಕದಲ್ಲಿ. ಬಿಪಿ, ತೂಕ ಹೆಚ್ಚಿದ್ದರೆ “ತಾತ್ಕಾಲಿಕವಾಗಿ ಅನರ್ಹ” ಎಂದು ಬರೆದು ಸಮಯ ಕೊಡುತ್ತಾರೆ. ಸರಿಪಡಿಸಿಕೊಂಡು ಮತ್ತೆ ಹೋಗಬಹುದು. ಬಣ್ಣದ ದೋಷ ಹುಟ್ಟಿನಿಂದ ಬಂದದ್ದು, ವ್ಯಾಯಾಮದಿಂದ ಹೋಗುವಂಥದ್ದಲ್ಲ. ಆದ್ದರಿಂದ ಯಾವ ಫ್ಲೈಯಿಂಗ್ ಸ್ಕೂಲಿಗೂ ಒಂದು ರೂಪಾಯಿ ಕಟ್ಟುವ ಮುಂಚೆ ಕ್ಲಾಸ್ 1 ಕೈಯಲ್ಲಿರಲಿ. “ಮೊದಲು ಸೇರಿಕೊಳ್ಳಿ, ಮೆಡಿಕಲ್ ಆಮೇಲೆ ಮಾಡಿಸೋಣ” ಎನ್ನುವ ಸ್ಕೂಲನ್ನು ಅಲ್ಲಿಗೇ ಬಿಟ್ಟುಬಿಡಿ. ಈ ಸರ್ಟಿಫಿಕೇಟ್‌ನ ಅವಧಿ ಒಂದು ವರ್ಷ, ಪ್ರತಿ ವರ್ಷ ನವೀಕರಿಸಬೇಕು.

ಡಿಜಿಸಿಎ ಪತ್ರಿಕೆಗಳು: ಏರ್ ನ್ಯಾವಿಗೇಶನ್, ಮೆಟಿಯೊರಾಲಜಿ, ಏರ್ ರೆಗ್ಯುಲೇಶನ್ಸ್, ಟೆಕ್ನಿಕಲ್ ಜನರಲ್, ಮತ್ತೆ ನೀವು ಹಾರಿಸುವ ವಿಮಾನದ ಬಗ್ಗೆ ಟೆಕ್ನಿಕಲ್ ಸ್ಪೆಸಿಫಿಕ್. ಪ್ರತಿಯೊಂದರಲ್ಲೂ ಶೇ 70 ಬರಬೇಕು. ಇವುಗಳ ಜೊತೆ ರೇಡಿಯೊ ಪರೀಕ್ಷೆ ಆರ್‌ಟಿಆರ್ ಇದೆ. ಹಿಂದೆ ಅದನ್ನು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು, 2025ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಅದನ್ನು ಡಿಜಿಸಿಎಗೆ ವಹಿಸಿದೆ. ಹಾರಾಟ ಶುರುಮಾಡುವ ಮುನ್ನ ನ್ಯಾವಿಗೇಶನ್, ಮೆಟ್, ರೆಗ್ಯುಲೇಶನ್ಸ್ ಈ ಮೂರನ್ನಾದರೂ ಪಾಸ್ ಮಾಡಿಕೊಂಡರೆ ದೊಡ್ಡ ಅನುಕೂಲ. ಬೆಳಿಗ್ಗೆ ಹಾರಿಸಿ ಸಂಜೆ ಪರೀಕ್ಷೆಗೆ ಓದುತ್ತೇನೆ ಎಂದವರ ಎರಡೂ ಕೆಲಸ ನಿಧಾನವಾಗುವುದನ್ನು ಎಲ್ಲ ಸ್ಕೂಲುಗಳಲ್ಲೂ ಕಾಣಬಹುದು. ನ್ಯಾವಿಗೇಶನ್‌ನಲ್ಲಿ ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಫ್ಲೈಟ್ ಕಂಪ್ಯೂಟರ್ (ಕೈಯಲ್ಲಿ ತಿರುಗಿಸಿ ಲೆಕ್ಕ ಮಾಡುವ ಚಕ್ರ) ಮೇಲೆ ಕೈ ಪಳಗಿಸುವುದು ಮೇಲು. ಪರೀಕ್ಷೆಯಲ್ಲಿ ಸಮಯ ತಿನ್ನುವುದು ಅದೇ.

ಇನ್ನು ಹಾರಾಟದ ಗಂಟೆಗಳು. ಒಟ್ಟು 200. ಅದರಲ್ಲಿ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ತಾನೇ ಹೊತ್ತು, 100 ಗಂಟೆ, ಆ ನೂರರಲ್ಲಿ ಕನಿಷ್ಠ 15 ಗಂಟೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳೊಳಗೆ. ಕಮಾಂಡ್‌ನಲ್ಲಿ 20 ಗಂಟೆ ಕ್ರಾಸ್ ಕಂಟ್ರಿ (ಒಂದೂರಿನಿಂದ ಇನ್ನೊಂದೂರಿಗೆ ಹಾರಾಟ), ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 555 ಕಿಲೋಮೀಟರಿಗೆ, ಕಡಿಮೆಯಿರಬಾರದು. ಎರಡು ಬೇರೆ ಬೇರೆ ಏರೋಡ್ರೋಮ್‌ಗಳಲ್ಲಿ ಇಳಿದು ಪೂರ್ತಿ ನಿಲ್ಲಿಸಿರಬೇಕು. ರಾತ್ರಿ ಹಾರಾಟ 5 ಗಂಟೆ, ಅದರಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್. ಇನ್‌ಸ್ಟ್ರುಮೆಂಟ್, ಅಂದರೆ ಹೊರಗೆ ನೋಡದೆ ಉಪಕರಣಗಳನ್ನೇ ನಂಬಿ ಹಾರಿಸುವುದು, 10 ಗಂಟೆ. ಇದು ಬರೀ ಸಿಪಿಎಲ್‌ನ ಲೆಕ್ಕ. ಏರ್‌ಲೈನ್‌ಗೆ ಅರ್ಜಿ ಹಾಕಲು ಮಲ್ಟಿ ಎಂಜಿನ್ ಎಂಡಾರ್ಸ್‌ಮೆಂಟ್ (ಒಂದಕ್ಕಿಂತ ಹೆಚ್ಚು ಎಂಜಿನ್‌ನ ವಿಮಾನ ಹಾರಿಸುವ ಅನುಮತಿ) ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲೇಬೇಕು. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ 40 ಗಂಟೆ ಇನ್‌ಸ್ಟ್ರುಮೆಂಟ್ ಹಾರಾಟ, ಅದರಲ್ಲಿ ಸಿಮ್ಯುಲೇಟರ್‌ನದ್ದು 20 ಗಂಟೆ ಮೀರುವಂತಿಲ್ಲ. ಕಮಾಂಡ್‌ನಲ್ಲಿ ಕ್ರಾಸ್ ಕಂಟ್ರಿಯೂ 20 ಸಾಲದು, 50 ಗಂಟೆ ಬೇಕು. ಆದ್ದರಿಂದ 200 ಗಂಟೆಯನ್ನು ಮೊದಲ ದಿನದಿಂದಲೇ ಈ ಎರಡೂ ಲೆಕ್ಕ ಹೊಂದುವಂತೆ ಹಂಚಿಕೊಳ್ಳಬೇಕು. 150 ಗಂಟೆ ಮುಗಿದ ಮೇಲೆ ಎಣಿಸಲು ಕೂತರೆ ಯಾವುದೋ ಒಂದು ಕಾಲಂ ಕಡಿಮೆ ಬೀಳುತ್ತದೆ, ಆ ಗಂಟೆಗಳಿಗೆ ಬೇರೆಯಾಗಿ ದುಡ್ಡು ಕಟ್ಟಬೇಕಾಗುತ್ತದೆ.

ಎಲ್ಲರನ್ನೂ ಹೆಚ್ಚು ಕಾಡುವುದು ಆರು ತಿಂಗಳ ಗಡುವು. ಹಗಲಿನ ಜನರಲ್ ಫ್ಲೈಯಿಂಗ್ ಟೆಸ್ಟ್, ರಾತ್ರಿಯದು, ಹಗಲು 250 ನಾಟಿಕಲ್ ಮೈಲಿ ಕ್ರಾಸ್ ಕಂಟ್ರಿ ಚೆಕ್, ರಾತ್ರಿ 120 ಮೈಲಿಯದು – ಇವೆಲ್ಲ ಅರ್ಜಿಗೆ ಹಿಂದಿನ ಆರು ತಿಂಗಳೊಳಗೆ ಆಗಿರಬೇಕು. ಹಗಲಿನ ಚೆಕ್‌ಗಳು ಬೇಗ ಮುಗಿಯುತ್ತವೆ. ರಾತ್ರಿಯದು ಸಿಕ್ಕಿಹಾಕಿಕೊಳ್ಳುತ್ತದೆ: ಆ ಊರಿನ ಏರ್‌ಪೋರ್ಟ್ ಸಂಜೆಯ ಮೇಲೆ ತೆರೆದಿರುವುದಿಲ್ಲ, ಪರೀಕ್ಷಕರು ಸಿಗುವುದಿಲ್ಲ, ಇಲ್ಲವೇ ಮುಂಗಾರು ಹಿಡಿದು ಮೋಡ ಕೆಳಗಿಳಿದಿರುತ್ತದೆ. ಉತ್ತರ ಭಾರತದ ಸ್ಕೂಲುಗಳಲ್ಲಿ ಇದೇ ತೊಂದರೆಯನ್ನು ಡಿಸೆಂಬರ್, ಜನವರಿಯ ಮಂಜು ಕೊಡುತ್ತದೆ. ರಾತ್ರಿಯ ಚೆಕ್ ಆಗುವಷ್ಟರಲ್ಲಿ ಹಗಲಿನದರ ಅವಧಿ ಮುಗಿದು, ಅದನ್ನು ಮತ್ತೆ ಹಾರಿಸಬೇಕಾಗುತ್ತದೆ. ಉಪಾಯ ಒಂದೇ: ರಾತ್ರಿ ಹಾರಾಟವನ್ನು ಕೊನೆಗೆ ಉಳಿಸಿಕೊಳ್ಳಬೇಡಿ, ಚೆಕ್‌ಗಳನ್ನೆಲ್ಲ ಅಕ್ಟೋಬರ್‌ನಿಂದ ಮೇ ನಡುವೆ ಒಟ್ಟಿಗೆ ಇಟ್ಟುಕೊಳ್ಳಿ.

ಪ್ರತಿ ಹಾರಾಟವನ್ನು ಬರೆದಿಡುವ ಲಾಗ್‌ಬುಕ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಲೈಸೆನ್ಸ್ ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಇದರಿಂದಲೇ. ಪ್ರತಿ ಪುಟದ ಕೆಳಗೆ ಆ ಪುಟದ ಮೊತ್ತ, ಹಿಂದಿನಿಂದ ತಂದ ಮೊತ್ತ, ಒಟ್ಟು ಮೊತ್ತ ಮೂರೂ ತಾಳೆಯಾಗಬೇಕು. ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆಗಿನ ಹಾರಾಟ) ಮತ್ತು ಕಮಾಂಡ್ ಕೂಡಿಸಿದರೆ ಒಟ್ಟು ಹಾರಾಟದ ಸಮಯ ಬರಬೇಕು. ಹಗಲು, ರಾತ್ರಿ ಕೂಡಿಸಿದರೂ ಅದೇ ಬರಬೇಕು. ಸಿಮ್ಯುಲೇಟರ್ ಗಂಟೆಯನ್ನು ಹಾರಾಟದ ಗಂಟೆಯಲ್ಲಿ ಸೇರಿಸಬಾರದು. 300 ಮೈಲಿಯ ಹಾರಾಟವನ್ನು “ಲೋಕಲ್” ಥರ ಒಂದೇ ಸಾಲಿನಲ್ಲಿ ಬರೆದರೆ ಎರಡು ಕಡೆ ಇಳಿದದ್ದಕ್ಕೆ ಪುರಾವೆ ಇರುವುದಿಲ್ಲ; ಪ್ರತಿ ಹಂತಕ್ಕೂ ಹೊರಟ ಜಾಗ, ಇಳಿದ ಜಾಗ, ಸಮಯ ಬೇರೆ ಬೇರೆ ಸಾಲಿನಲ್ಲಿರಲಿ. ರಾತ್ರಿಯ ಟೇಕಾಫ್, ಲ್ಯಾಂಡಿಂಗ್ ಸಂಖ್ಯೆಯನ್ನು ಷರಾ ಕಾಲಂನಲ್ಲಿ ಆಗಲೇ ಬರೆದು, ಇನ್‌ಸ್ಟ್ರಕ್ಟರ್ ಸಹಿಯನ್ನೂ ಆಗಲೇ ಹಾಕಿಸಿಕೊಳ್ಳಿ. ಇನ್‌ಸ್ಟ್ರಕ್ಟರ್‌ಗಳು ಕೆಲಸ ಬದಲಿಸುತ್ತಲೇ ಇರುತ್ತಾರೆ. ಆರು ತಿಂಗಳ ಮೇಲೆ ಸಹಿಗಾಗಿ ಅವರನ್ನು ಹುಡುಕಿಕೊಂಡು ಊರೂರು ಅಲೆಯಬೇಕಾದೀತು. ಪ್ರತಿ ಭಾನುವಾರ ಸ್ಪ್ರೆಡ್‌ಶೀಟ್‌ನಲ್ಲಿ ಇದೇ ಕಾಲಂಗಳನ್ನು ಕೂಡಿಸಿ ನೋಡುವ ಅಭ್ಯಾಸ ನನಗೆ ಬಹಳ ಉಪಯೋಗಕ್ಕೆ ಬಂತು.

ಸ್ಕೂಲ್ ಆರಿಸುವಾಗ ಕಟ್ಟಡ, ಯೂನಿಫಾರ್ಮ್ ನೋಡಬೇಡಿ. ಕರ್ನಾಟಕದಲ್ಲಿ ಜಕ್ಕೂರಿನ ಸರ್ಕಾರಿ ಶಾಲೆಯಿದೆ, ಕಲಬುರಗಿ ಮತ್ತು ಬೆಳಗಾವಿ ಏರ್‌ಪೋರ್ಟ್‌ಗಳಿಗೂ ತರಬೇತಿ ಸಂಸ್ಥೆಗಳು ಬಂದಿವೆ. ಹೊರಗೆ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಪ್ರವೇಶ ಪರೀಕ್ಷೆಯ ಮೂಲಕ ತೆಗೆದುಕೊಳ್ಳುತ್ತದೆ. ಎಲ್ಲೇ ಆಗಲಿ ಕೇಳಬೇಕಾದ್ದು: ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ಇನ್‌ಸ್ಟ್ರಕ್ಟರ್‌ಗಳು ಎಷ್ಟು? ಹೋದ ತಿಂಗಳು ಸ್ಕೂಲ್ ಒಟ್ಟು ಎಷ್ಟು ಗಂಟೆ ಹಾರಿಸಿತು? ಮಲ್ಟಿ ಎಂಜಿನ್ ವಿಮಾನ ಒಂದೇ ಇದೆಯೇ? ಒಂದೇ ಇದ್ದು ಅದು ರಿಪೇರಿಗೆ ಹೋದರೆ, 185 ಗಂಟೆ ಮುಗಿಸಿದ ಹುಡುಗರೆಲ್ಲ ಹಾಸ್ಟೆಲ್ ಬಾಡಿಗೆ ಕಟ್ಟುತ್ತಾ ಕೂರುತ್ತಾರೆ. ಇದನ್ನೆಲ್ಲ ಕಚೇರಿಯಲ್ಲಿ ಕೇಳಿದರೆ ಸಾಲದು, ಹ್ಯಾಂಗರ್ ಹತ್ತಿರ ನಿಂತು ಅಲ್ಲಿ ಓದುತ್ತಿರುವವರನ್ನೂ ಕೇಳಿ. ಡಿಜಿಸಿಎ 2025ರಿಂದ ಈ ಸಂಸ್ಥೆಗಳಿಗೆ ಶ್ರೇಣಿ ಕೊಡುತ್ತಿದೆ, ಅದನ್ನೂ ನೋಡಿಕೊಳ್ಳಿ. ಶುಲ್ಕವನ್ನು ಹಾರಿಸಿದ ಗಂಟೆಗೆ ತಕ್ಕಂತೆ ಕಂತಿನಲ್ಲೇ ಕಟ್ಟಿ. ರಿಯಾಯಿತಿ ಆಸೆಗೆ ಪೂರ್ತಿ ಮುಂಗಡ ಬೇಡ.

ದೇಶದೊಳಗೆ ಸಿಪಿಎಲ್‌ಗೆ ಸಾಮಾನ್ಯವಾಗಿ 45ರಿಂದ 60 ಲಕ್ಷ ಹಿಡಿಯುತ್ತದೆ. ಸ್ವಂತ ಖರ್ಚಿನಲ್ಲಿ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಮಾಡಿಸಬೇಕಾದರೆ ಇನ್ನೊಂದು 15ರಿಂದ 25 ಲಕ್ಷ. ಸಾಲ ಮಾಡುವವರು ಮೊದಲಿನಿಂದಲೇ ಎರಡನ್ನೂ ಸೇರಿಸಿ, ಕೆಲಸವಿಲ್ಲದ ಒಂದೆರಡು ವರ್ಷದ ಬಡ್ಡಿಯನ್ನೂ ಕೂಡಿಸಿ ನೋಡಬೇಕು. ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳಲ್ಲಿ ಹಾರಿಸಿ ಬಂದರೆ ಗಂಟೆಗಳು ಬೇಗ ಮುಗಿಯುತ್ತವೆ, ಆದರೆ ಇಲ್ಲಿಗೆ ಬಂದು ಲೈಸೆನ್ಸ್ ಪರಿವರ್ತನೆ ಮಾಡಿಸಿಕೊಳ್ಳಬೇಕು: ರೆಗ್ಯುಲೇಶನ್ಸ್ ಮತ್ತು ಕಾಂಪೊಸಿಟ್ (ನ್ಯಾವಿಗೇಶನ್, ಮೆಟ್ ಎರಡೂ ಸೇರಿದ) ಪತ್ರಿಕೆ, ಜೊತೆಗೆ ಆ ದೇಶದ ಪ್ರಾಧಿಕಾರದಿಂದ ಲೈಸೆನ್ಸ್ ದೃಢೀಕರಣ.

ನೇಮಕದ ಜಾಹೀರಾತಿನಲ್ಲಿ ಎರಡು ಬಗೆ ಇರುತ್ತದೆ. ಎ320, 737 ಅಥವಾ ಎಟಿಆರ್ ಟೈಪ್ ರೇಟಿಂಗ್ ಇರುವವರಿಗೆ ಒಂದು, ಬರೀ ಸಿಪಿಎಲ್ ಇರುವವರಿಗೆ ಇನ್ನೊಂದು. ಯಾವ ಕಂಪನಿಗೆ ಯಾವ ವಿಮಾನ ಎಂದು ನೋಡದೆ ಸ್ವಂತ ದುಡ್ಡಿನಲ್ಲಿ ಟೈಪ್ ರೇಟಿಂಗ್ ಮಾಡಿಸುವುದು ಅಪಾಯ. ಇಂಡಿಗೋದಲ್ಲಿ ಮುಖ್ಯವಾಗಿ ಎ320 ಕುಟುಂಬ ಮತ್ತು ಎಟಿಆರ್, ಆಕಾಸಾದಲ್ಲಿ 737 ಮ್ಯಾಕ್ಸ್ ಮಾತ್ರ, ಅಲಯನ್ಸ್ ಏರ್‌ನಲ್ಲಿ ಎಟಿಆರ್, ಬೆಂಗಳೂರಿನ ಸ್ಟಾರ್ ಏರ್‌ನಲ್ಲಿ ಎಂಬ್ರೇಯರ್. ರೇಟಿಂಗ್ ಮಾಡಿಸಿ ಕೆಲಸ ಸಿಗದೆ ವರ್ಷ ಕಳೆದರೆ ಅದನ್ನು ಉಳಿಸಿಕೊಳ್ಳಲು ಮತ್ತೆ ಸಿಮ್ಯುಲೇಟರ್ ಖರ್ಚು. ನನ್ನ ಸಲಹೆ: ಕೈಯಲ್ಲಿ ಆಫರ್ ಬರುವವರೆಗೆ ಟೈಪ್ ರೇಟಿಂಗ್‌ಗೆ ಹಣ ಎತ್ತಿಡಿ, ಖರ್ಚು ಮಾಡಬೇಡಿ.

ಆಯ್ಕೆ ಸಾಮಾನ್ಯವಾಗಿ ಲಿಖಿತ ಪರೀಕ್ಷೆ, ಕಂಪ್ಯೂಟರ್ ಮೇಲಿನ ಸಾಮರ್ಥ್ಯ ಪರೀಕ್ಷೆ, ಗುಂಪು ಚಟುವಟಿಕೆ, ಸಂದರ್ಶನ, ಕೆಲವು ಕಡೆ ಸಿಮ್ಯುಲೇಟರ್ ಚೆಕ್ ಎಂದು ಸಾಗುತ್ತದೆ. ಸಂದರ್ಶನದಲ್ಲಿ ಬಾಯಿಲೆಕ್ಕ ಕೇಳುತ್ತಾರೆ. 35,000 ಅಡಿಯಿಂದ 3,000ಕ್ಕೆ ಇಳಿಯಲು ಎಷ್ಟು ದೂರ ಬೇಕು? ಇಳಿಯಬೇಕಾದ ಸಾವಿರಗಳು 32, ಮೂರರಿಂದ ಗುಣಿಸಿದರೆ 96 ನಾಟಿಕಲ್ ಮೈಲಿ. ಮೂರು ಡಿಗ್ರಿ ಇಳಿಜಾರಿನಲ್ಲಿ ಗ್ರೌಂಡ್ ಸ್ಪೀಡ್ 140 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಇದ್ದರೆ ಇಳಿಯುವ ದರ? ಐದರಿಂದ ಗುಣಿಸಿ, ನಿಮಿಷಕ್ಕೆ 700 ಅಡಿ. ರನ್‌ವೇ 27ಕ್ಕೆ (ದಿಕ್ಕು 270 ಡಿಗ್ರಿ) ಗಾಳಿ 240 ಡಿಗ್ರಿಯಿಂದ 20 ನಾಟ್ ಬೀಸುತ್ತಿದೆ, ಅಡ್ಡಗಾಳಿ ಎಷ್ಟು? ಕೋನ 30 ಡಿಗ್ರಿ, ಅರ್ಧ, ಹತ್ತು ನಾಟ್, ಎಡದಿಂದ. ಇದೇ ಗಾಳಿ 45 ಡಿಗ್ರಿಯಲ್ಲಿದ್ದರೆ 14, 60ರಲ್ಲಿ 17. ಉತ್ತರದ ಜೊತೆ “ಯಾಕೆ” ಎಂಬುದನ್ನೂ ಹೇಳಲು ಬರಬೇಕು. ಸೂತ್ರ ಮಾತ್ರ ಕಲಿತವರು ಎರಡನೇ ಪ್ರಶ್ನೆಗೆ ನಿಂತುಬಿಡುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಬಗ್ಗೆ ಅಂಜಬೇಕಿಲ್ಲ: ಕೇಳುವುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಲೆವೆಲ್ 4, ಅಂದರೆ ಸ್ಪಷ್ಟವಾಗಿ, ಅರ್ಥವಾಗುವಂತೆ ಮಾತಾಡುವುದು. ದಿನಾ ಗಟ್ಟಿಯಾಗಿ ರೇಡಿಯೊ ಮಾತುಗಳನ್ನು ಹೇಳಿಕೊಂಡರೆ ಅದು ಬರುತ್ತದೆ.

ಮಾರುಕಟ್ಟೆಯ ವಿಷಯಕ್ಕೆ ಬಂದರೆ, 2023ರಲ್ಲಿ ಇಂಡಿಗೋ 500, ಏರ್ ಇಂಡಿಯಾ 470, 2024ರ ಆರಂಭದಲ್ಲಿ ಆಕಾಸಾ 150 ವಿಮಾನಗಳಿಗೆ ಆರ್ಡರ್ ಕೊಟ್ಟವು. ಆರ್ಡರ್ ಕೊಟ್ಟ ದಿನ ವಿಮಾನ ಬರುವುದಿಲ್ಲ; ಹತ್ತು ವರ್ಷದುದ್ದಕ್ಕೂ ಬರುತ್ತವೆ. ತಯಾರಿಕೆ ತಡವಾದರೆ, ಎಂಜಿನ್ ತೊಂದರೆಯಿಂದ ವಿಮಾನಗಳು ನೆಲದಲ್ಲೇ ನಿಂತರೆ ನೇಮಕವೂ ನಿಲ್ಲುತ್ತದೆ. ಇನ್ನೊಂದು ಕಡೆ, 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್ ನಿಂತಾಗ ನೂರಾರು ಅನುಭವಿ ಪೈಲಟ್‌ಗಳು ಒಮ್ಮೆಲೇ ಹೊರಬಂದರು. ಅಂಥ ಹೊತ್ತಿನಲ್ಲಿ ಯಾವ ಕಂಪನಿಯೂ 200 ಗಂಟೆಯವರನ್ನು ಮೊದಲು ಕರೆಯುವುದಿಲ್ಲ. ಹೊಸಬರಿಗೆ ನೆರವಾಗಬಲ್ಲದ್ದು ವಿಶ್ರಾಂತಿಯ ಹೊಸ ನಿಯಮ: ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿದೆ, ರಾತ್ರಿ ಲ್ಯಾಂಡಿಂಗ್‌ಗೂ ಮಿತಿ ಬಿಗಿಯಾಗಿದೆ. ಅಷ್ಟೇ ವಿಮಾನ ಹಾರಿಸಲು ಹೆಚ್ಚು ಪೈಲಟ್‌ಗಳು ಬೇಕು. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದು ಮಾಡಬೇಕಾಗಿ ಬಂದದ್ದರ ಹಿಂದೆ ಈ ಲೆಕ್ಕವೂ ಇತ್ತು. ಆದರೆ ಬಲಗಡೆ ಸೀಟಿನವರು ಕ್ಯಾಪ್ಟನ್ ಆಗಲು ಸಿಪಿಎಲ್‌ಗಿಂತ ಮೇಲಿನ ಲೈಸೆನ್ಸ್ ಎಟಿಪಿಎಲ್ ಬೇಕು: 21 ವರ್ಷ, 1,500 ಗಂಟೆ, ಕಂಪನಿಗಳು ಅದಕ್ಕಿಂತ ಹೆಚ್ಚೇ ಕೇಳುತ್ತವೆ. ವರ್ಷಕ್ಕೆ 1,000 ಗಂಟೆ ಮೀರಿ ಹಾರುವಂತಿಲ್ಲ. ಎಡ ಸೀಟಿನ ಕೊರತೆ ಬೇಗ ತುಂಬುವುದಿಲ್ಲ, ಅಲ್ಲಿಯವರೆಗೆ ಬಲ ಸೀಟಿನ ನೇಮಕವೂ ಅಲೆ ಅಲೆಯಾಗಿಯೇ ಬರುತ್ತದೆ.

ಕಾಯುವಾಗ ಅರ್ಹತೆ ಕೈತಪ್ಪದಂತೆ ನೋಡಿಕೊಳ್ಳಬೇಕು. ಜಾಹೀರಾತು ಬಂದ ಮೇಲೆ ನವೀಕರಣಕ್ಕೆ ಓಡುವವರಿಗೆ ಗಡುವಿನೊಳಗೆ ಮೆಡಿಕಲ್ ದಿನಾಂಕವೂ ಸಿಗುವುದಿಲ್ಲ, ಮಲ್ಟಿ ಎಂಜಿನ್ ವಿಮಾನವೂ ಸಿಗುವುದಿಲ್ಲ. ಕ್ಲಾಸ್ 1ಕ್ಕೆ ಅವಧಿ ಮುಗಿಯುವ ಎರಡು ತಿಂಗಳ ಮುಂಚೆಯೇ ದಿನ ಗೊತ್ತುಮಾಡಿ. ಇನ್‌ಸ್ಟ್ರುಮೆಂಟ್ ರೇಟಿಂಗ್ ಚೆಕ್ ವರ್ಷಕ್ಕೊಮ್ಮೆ, ಅದನ್ನು ಮಲ್ಟಿ ಎಂಜಿನ್ ವಿಮಾನದಲ್ಲೇ ಮಾಡಿಸಿ, ಎರಡೂ ಒಟ್ಟಿಗೆ ಆಗುತ್ತವೆ. ಇಂಗ್ಲಿಷ್ ಲೆವೆಲ್ 4 ಮೂರು ವರ್ಷಕ್ಕೆ ಮುಗಿಯುತ್ತದೆ. ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಕೊಂಡು ಯಾವುದಾದರೂ ಸ್ಕೂಲಿನಲ್ಲಿ ಕಲಿಸಲು ಸೇರಿದರೆ ಸಂಬಳದ ಜೊತೆ ಗಂಟೆಗಳೂ ಸೇರುತ್ತವೆ, ಪುಸ್ತಕದ ವಿಷಯ ಮರೆಯುವುದಿಲ್ಲ. ಕಾಯುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಕಂಡಿಲ್ಲ.