ಎರಡು ಲಾಕ್‌ಪೋರ್ಟ್, ಇಬ್ಬರು ಅಣ್ಣತಮ್ಮಂದಿರು: ಹಳೆಯ ಕಾಗದಗಳನ್ನು ಓದಿದ ನನ್ನ ಅನುಭವ

ಅಮೆರಿಕದ ಒಂದು ಸಣ್ಣ ಊರಿನ ಇತಿಹಾಸ ಸಂಘದಲ್ಲಿ ವಾರಕ್ಕೊಂದು ದಿನ ಸಂಬಳವಿಲ್ಲದೆ ಕೆಲಸ ಮಾಡುವ ನನ್ನ ಕೈಗೆ, ಮೂರು ವರ್ಷಗಳ ಹಿಂದೆ, ರಟ್ಟಿನ ಪೆಟ್ಟಿಗೆಯೊಂದರಲ್ಲಿ 31 ಕಾಗದಗಳು ಬಂದವು. ವರ್ಮಾಂಟ್ ರಾಜ್ಯದ ಬೆನ್ನಿಂಗ್ಟನ್ ಸುತ್ತಿನ ಒಂದು ರೈತರ ಮನೆಯಿಂದ ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟ ಅಣ್ಣತಮ್ಮಂದಿರಿಬ್ಬರು 1835ರಿಂದ 1842ರವರೆಗೆ ತಾಯಿಗೂ ತಂಗಿಗೂ ಬರೆದ ಕಾಗದಗಳವು. ಮನೆಯವರ ಕೋರಿಕೆಯಂತೆ ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ. ಅವನ್ನು ಓದಿ, ನಕಲು ಮಾಡಿ, ಕಾಲಕ್ರಮದಲ್ಲಿ ಜೋಡಿಸುವುದು ನನ್ನ ಪಾಲಿಗೆ ಬಂದ ಕೆಲಸವಾಗಿತ್ತು.

ಹಿಂದೆ ಯಾರೋ ಮಾಡಿಟ್ಟಿದ್ದ ಪಟ್ಟಿಯಲ್ಲಿ, ತಲೆಬರಹದಲ್ಲಿ ‘ಲಾಕ್‌ಪೋರ್ಟ್’ ಎಂದಿದ್ದ 14 ಕಾಗದಗಳನ್ನು ಒಂದೇ ಕಟ್ಟಿಗೆ ಸೇರಿಸಿ, ಎಲ್ಲವೂ ಇಲಿನಾಯ್ ರಾಜ್ಯದವೆಂದು ಗುರುತಿಸಲಾಗಿತ್ತು. ನಾನೂ ಅದನ್ನು ನಂಬಿ ಎರಡು ತಿಂಗಳು ಕಳೆದೆ. ಅಣ್ಣತಮ್ಮಂದಿರಿಬ್ಬರ ಹೆಸರಿನ ಮೊದಲಕ್ಷರ ಒಂದೇ, ಸಹಿಗೆ ಹಾಕುತ್ತಿದ್ದುದೂ ಅದನ್ನೇ. ಒಂದೇ ಶಾಲೆಯಲ್ಲಿ ತಿದ್ದಿದ ಅಕ್ಷರವಾದ್ದರಿಂದ ಕೈಬರಹವೂ ಒಂದನ್ನೊಂದು ಹೋಲುತ್ತದೆ. ಆದರೆ ಕಥೆ ಮಾತ್ರ ಕೂಡುತ್ತಿರಲಿಲ್ಲ. ಒಂದು ಕಾಗದದಲ್ಲಿ ದಿನಬಿಟ್ಟು ದಿನ ಬರುವ ಚಳಿಜ್ವರದಿಂದ ನಡುಗುತ್ತ ಮಲಗಿದ್ದವನು, ನಾಲ್ಕು ದಿನಗಳ ನಂತರದ ಇನ್ನೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಲ್ಲು ಒಡೆಯುತ್ತಿದ್ದ.

ಗಂಟು ಬಿಡಿಸಿದ್ದು ಕಾಗದದ ಒಳಗಿನ ಮಾತಲ್ಲ, ಹೊರಮೈ. ಆ ಕಾಲದಲ್ಲಿ ಲಕೋಟೆಯ ಬಳಕೆ ಇಲ್ಲವೆನ್ನುವಷ್ಟು ಕಡಿಮೆ. ಬರೆದ ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆ ಒತ್ತಿ, ಬೆನ್ನಿನ ಮೇಲೆ ವಿಳಾಸ ಬರೆಯುತ್ತಿದ್ದರು. ಅಮೆರಿಕದಲ್ಲಿ ಸರ್ಕಾರಿ ಅಂಚೆಚೀಟಿ ಬಂದದ್ದು 1847ರಲ್ಲಿ. ಅದಕ್ಕೆ ಮೊದಲು ನಮ್ಮ ಬೇರಿಂಗ್ ಕಾಗದದ ಹಾಗೆ, ಸಾಮಾನ್ಯವಾಗಿ ಪಡೆದವರೇ ಹಣ ಕೊಡಬೇಕಿತ್ತು. ಆ ಮೊತ್ತವನ್ನು ಅಂಚೆಯವನು ಮೂಲೆಯಲ್ಲಿ ಕೈಯಲ್ಲೇ ಬರೆಯುತ್ತಿದ್ದ. 1845ರವರೆಗೆ ದರ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಅವಲಂಬಿಸಿತ್ತು: ಒಂದು ಹಾಳೆ 150ರಿಂದ 400 ಮೈಲಿಯೊಳಗೆ ಹೋದರೆ 18¾ ಸೆಂಟ್, 400 ಮೈಲಿ ದಾಟಿದರೆ 25 ಸೆಂಟ್. (ಈ ಮುಕ್ಕಾಲು ಸೆಂಟಿನ ಲೆಕ್ಕ ವಿಚಿತ್ರವೆನಿಸಿದರೂ, 12½ ಸೆಂಟ್ ಬೆಲೆಯ ಸ್ಪೇನಿನ ಬೆಳ್ಳಿ ನಾಣ್ಯ ಚಲಾವಣೆಯಲ್ಲಿದ್ದ ನಾಡಿನಲ್ಲಿ ಒಂದೂವರೆ ನಾಣ್ಯವೆಂದರೆ ಅಷ್ಟೇ ಆಗುತ್ತದೆ.) ‘ಲಾಕ್‌ಪೋರ್ಟ್’ ಕಟ್ಟಿನ ಕಾಗದಗಳನ್ನು ಬೋರಲು ಹಾಕಿ ಸಾಲಾಗಿ ಇಟ್ಟಾಗ, ಎಂಟರ ಮೇಲೆ 18¾, ಆರರ ಮೇಲೆ 25 ಎಂದಿತ್ತು. ಇಲಿನಾಯ್‌ನಿಂದ ವರ್ಮಾಂಟಿಗೆ 18¾ ಸೆಂಟಿನಲ್ಲಿ ಕಾಗದ ಬರುವುದು ಸಾಧ್ಯವೇ ಇಲ್ಲ. ಆ ಎಂಟು ಬಂದದ್ದು ಈರಿ ಕಾಲುವೆಯ ಮೇಲಿರುವ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟಿನಿಂದ. 1825ರಲ್ಲಿ ತೆರೆದ ಆ 363 ಮೈಲಿ ಕಾಲುವೆಯನ್ನು ಅಗಲಗೊಳಿಸುವ ಕೆಲಸ 1836ರಲ್ಲಿ ಶುರುವಾಗಿತ್ತು. ಅಣ್ಣ ಅಲ್ಲೇ ನಿಂತಿದ್ದ. ತಮ್ಮ ಮಾತ್ರ ಮುಂದೆ ಹೋಗಿ, ಇಲಿನಾಯ್–ಮಿಶಿಗನ್ ಕಾಲುವೆಯ ಕಚೇರಿಯಿದ್ದ ಇನ್ನೊಂದು ಲಾಕ್‌ಪೋರ್ಟನ್ನು ಸೇರಿದ್ದ.

ಅನುಮಾನ ಪೂರ್ತಿ ಹೋದದ್ದು ಕೂಲಿಯ ಲೆಕ್ಕದಿಂದ. ಅಣ್ಣ ‘ದಿನಕ್ಕೆ 6 ಶಿಲ್ಲಿಂಗ್’ ಎಂದು ಬರೆದಿದ್ದ. ವರ್ಮಾಂಟ್ ಸೇರಿದ ನ್ಯೂ ಇಂಗ್ಲೆಂಡಿನ ರೂಢಿಯಲ್ಲಿ ಡಾಲರಿಗೆ 6 ಶಿಲ್ಲಿಂಗ್, ನ್ಯೂಯಾರ್ಕಿನ ರೂಢಿಯಲ್ಲಿ 8. ವರ್ಮಾಂಟಿನ ತಾಯಿ ಅದನ್ನು ಓದಿ ಮಗ ದಿನಕ್ಕೊಂದು ಡಾಲರ್ ದುಡಿಯುತ್ತಾನೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ನಾನೂ ಮೊದಲು ಹಾಗೇ ಟಿಪ್ಪಣಿ ಬರೆದಿದ್ದೆ. ಆದರೆ ಅದೇ ಕಾಗದದ ಅಂಚಿನಲ್ಲಿ 26 ದಿನಕ್ಕೆ 19 ಡಾಲರ್ 4 ಶಿಲ್ಲಿಂಗ್ ಬಂತೆಂದು ಅವನೇ ಕೂಡಿಸಿದ್ದಾನೆ. ದಿನಕ್ಕೆ 75 ಸೆಂಟ್ ಆದರೆ ಮಾತ್ರ ಆ ಮೊತ್ತ ಬರುತ್ತದೆ. ಅಂದರೆ ಅವನು ಎಣಿಸುತ್ತಿದ್ದುದು ನ್ಯೂಯಾರ್ಕಿನ ಶಿಲ್ಲಿಂಗಿನಲ್ಲಿ.

ಆ ಮೇಲೆ ನಾನು ಯಾವ ಕಾಗದವನ್ನೂ ಒಳಗಿನಿಂದ ಓದಲು ತೊಡಗಿಲ್ಲ. ಮೊದಲು ದರ, ನಂತರ ಅಂಚೆಮುದ್ರೆ, ನಂತರ ಮಡಿಕೆಯ ಗೆರೆ, ಕೊನೆಗೆ ಬರಹ. ಮುದ್ರೆಯಲ್ಲಿ ಊರೂ ತಿಂಗಳೂ ದಿನವೂ ಇರುತ್ತವೆ, ವರ್ಷ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ತಮ್ಮನು ಶಿಕಾಗೋದಿಂದ ‘ಜನವರಿ 1836’ ಎಂದು ಬರೆದ ಕಾಗದ ಇನ್ನೊಂದು ತೊಡಕಾಯಿತು. ಅದರಲ್ಲಿ ಕಾಲುವೆ ಅಗೆತದಲ್ಲಿ ಕೆಲಸ ಸಿಕ್ಕಿತೆಂದಿದೆ, ಆದರೆ ಆ ಅಗೆತಕ್ಕೆ ಚಾಲನೆ ದೊರೆತದ್ದು 1836ರ ಜುಲೈ 4ರಂದು. ಹೊಸ ವರ್ಷದ ಮೊದಲ ವಾರಗಳಲ್ಲಿ ನಾವೂ ಹಳೆಯ ಇಸವಿಯನ್ನೇ ಬರೆದುಬಿಡುತ್ತೇವಲ್ಲ, ಅವನೂ ಹಾಗೇ ಮಾಡಿದ್ದ. ಅದು 1837ರ ಕಾಗದ. ನಕಲಿನಲ್ಲಿ ಅವನ ತಪ್ಪನ್ನು ಹಾಗೇ ಉಳಿಸಿ, ಸರಿಯಾದ ಇಸವಿಯನ್ನು ಚೌಕ ಕಂಸದಲ್ಲಿ ಹಾಕಿದೆ.

ಓದುವಾಗಿನ ಕಷ್ಟಗಳನ್ನು ಹೆಚ್ಚು ಬೆಳೆಸುವುದಿಲ್ಲ. ಎರಡು ಹಾಳೆಗೆ ಇಮ್ಮಡಿ ದರವಾದ್ದರಿಂದ ತಮ್ಮನು ಒಂದೇ ಹಾಳೆಯನ್ನು ತುಂಬಿಸಿ, ಮತ್ತೆ ಅದನ್ನು ಅಡ್ಡಕ್ಕೆ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಬರೆದಿದ್ದಾನೆ. ಇಂಥವಕ್ಕೆ ಓರೆ ಬೆಳಕಿನಲ್ಲಿ ತೆಗೆದ ಫೋಟೋವೇ ಗತಿ. ಕಾಗುಣಿತ ಬಾಯಿಮಾತಿನಂತೆ ಇರುವುದರಿಂದ ಅರ್ಥವಾಗದ ಪದವನ್ನು ಗಟ್ಟಿಯಾಗಿ ಓದುತ್ತೇನೆ. ‘ಏಗರ್’ ಎಂಬ ಪದ ನಾಲ್ಕು ಸಲ ಉಚ್ಚರಿಸಿದ ಮೇಲೆ ‘ಏಗ್ಯೂ’, ಅಂದರೆ ಮಲೇರಿಯಾ, ಎಂದು ಹೊಳೆಯಿತು. ಮಲೆನಾಡಿನಲ್ಲಿ ಹುಟ್ಟಿದ ನನಗೆ ಆ ಚಳಿಜ್ವರದ ವರ್ಣನೆಯಲ್ಲಿ ಹೊಸದೇನೂ ಇರಲಿಲ್ಲ. ಕಾಗದಗಳ ಆರಂಭವೂ ಅಷ್ಟೇ: ನಾನು ಕ್ಷೇಮ, ಈ ನಾಲ್ಕು ಸಾಲು ತಲುಪುವಾಗ ನೀವೂ ಹಾಗೇ ಇರುವಿರೆಂದು ನಂಬಿದ್ದೇನೆ ಎಂಬ ಒಕ್ಕಣೆ ಪ್ರತಿ ಸಲವೂ ಇದೆ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆಯುತ್ತಿದ್ದ ನನ್ನ ಅಜ್ಜ ಜ್ವರದಲ್ಲಿದ್ದಾಗಲೂ ಅದನ್ನು ಬಿಟ್ಟವರಲ್ಲ. ಆದ್ದರಿಂದ ಅದನ್ನು ಆರೋಗ್ಯದ ಸಾಕ್ಷಿಯೆಂದು ನಾನು ಎಲ್ಲಿಯೂ ಎಣಿಸಿಲ್ಲ.

ಇಬ್ಬರ ಕಾಗದಗಳನ್ನು ಬೇರ್ಪಡಿಸಿದ ಮೇಲೆ ಕಾಣಿಸಿದ್ದು ಒಂದು ವಾದ. ಇಲ್ಲಿ ಸರ್ಕಾರಿ ನೆಲ ಎಕರೆಗೆ 1 ಡಾಲರ್ 25 ಸೆಂಟ್, ಎಲ್ಲರೂ ಬನ್ನಿ ಎಂದು ತಮ್ಮ. ಕೈಯಲ್ಲಿ ಬೆಳ್ಳಿ ಬರುವವರೆಗೆ ಅವನ ಮಾತು ಕೇಳಿ ಹೊಲ ಮಾರಬೇಡಿ ಎಂದು ಅಣ್ಣ. 1837ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಬೆಳ್ಳಿ-ಬಂಗಾರ ಕೊಡುವುದನ್ನು ನಿಲ್ಲಿಸಿದ ಮೇಲೆ ಅಣ್ಣನ ಎಚ್ಚರಿಕೆ ಬಿರುಸಾಗುತ್ತದೆ, ತಮ್ಮನ ಉತ್ಸಾಹ ಮಾತ್ರ ಇಳಿಯುವುದಿಲ್ಲ. ಆ ನೆಲ ಪೊಟವಾಟಮಿ ಮೊದಲಾದ ಮೂಲನಿವಾಸಿ ಜನರಿಂದ ಒಪ್ಪಂದಗಳ ಮೂಲಕ ಬಿಡಿಸಿಕೊಂಡದ್ದೆಂಬ ಸಂಗತಿಯ ಬಗ್ಗೆ ಇಬ್ಬರದೂ ಒಂದು ಸಾಲಿಲ್ಲ. ಆ ಮೌನವನ್ನೂ ಟಿಪ್ಪಣಿಯಲ್ಲಿ ದಾಖಲಿಸಬೇಕೆಂದು ನಾನು ಹಟ ಹಿಡಿದೆ.

ಕೊನೆಯ ಕಾಗದ ತಮ್ಮನದು, 1842ರ ಜನವರಿಯದು. ಅಂಚೆಯಲ್ಲಿ ಕಳ್ಳತನವಾಗದಿರಲೆಂದು ನೋಟನ್ನು ಎರಡಾಗಿ ಕತ್ತರಿಸಿ, ಅರ್ಧ ಇದರಲ್ಲಿದೆ, ತಲುಪಿತೆಂದು ಬರೆದರೆ ಇನ್ನರ್ಧ ಕಳಿಸುತ್ತೇನೆ ಎಂದಿದ್ದಾನೆ. ಅದು ಸ್ಟೇಟ್ ಬ್ಯಾಂಕ್ ಆಫ್ ಇಲಿನಾಯ್‌ನ 5 ಡಾಲರಿನ ನೋಟು. ಆ ಬ್ಯಾಂಕು ಮರುತಿಂಗಳೇ ಮುಳುಗಿತು. ಎಡಭಾಗದ ಅರ್ಧ ಈಗಲೂ ಆ ಮಡಿಕೆಯೊಳಗೇ ಇದೆ, ಬಲಭಾಗ ಪೆಟ್ಟಿಗೆಯಲ್ಲಿಲ್ಲ.