ಲಿವರ್ ಕಾಯಿಲೆಯ ತುರಿಕೆ: ಔಷಧಿಯಷ್ಟೇ ಅದರ ಹೊತ್ತೂ ಮುಖ್ಯ

ನನ್ನ ಮಗಳಿಗೆ ಅಲಾಜಿಲ್ ಸಿಂಡ್ರೋಮ್ ಇದೆ, ಅಂದರೆ ಲಿವರ್‌ನಲ್ಲಿ ಪಿತ್ತನಾಳಗಳು ಕಡಿಮೆ ಇರುವ ಆನುವಂಶಿಕ ಕಾಯಿಲೆ. ಕಿವಿಯ ಹಿಂದೆ, ಅಂಗಾಲಿನಲ್ಲಿ ರಕ್ತ ಬರುವ ತನಕ ಕೆರೆದುಕೊಳ್ಳುತ್ತಿದ್ದಳು. ಮೊದಮೊದಲು ನಾನು ಮುಲಾಮು ಹಚ್ಚಿದ್ದೇ ಹಚ್ಚಿದ್ದು. ಆದರೆ ಈ ತುರಿಕೆಯ ಬೇರು ಚರ್ಮದಲ್ಲಿ ಇಲ್ಲ. ಪಿತ್ತರಸ ಕರುಳಿಗೆ ಸರಿಯಾಗಿ ಇಳಿಯದೆ, ಅದರಲ್ಲಿರುವ ಪಿತ್ತಾಮ್ಲಗಳು ರಕ್ತದಲ್ಲಿ ಜಾಸ್ತಿಯಾಗುತ್ತವೆ. ಅದಕ್ಕೇ ಅಲರ್ಜಿ ಸಿರಪ್‌ನಿಂದ ಹೆಚ್ಚು ಪ್ರಯೋಜನವಿಲ್ಲ. ನಿದ್ದೆ ಬರಿಸಬಹುದು, ಅಷ್ಟೇ.

ಸಾಮಾನ್ಯವಾಗಿ ಮೊದಲು ಬರೆಯುವುದು ಅರ್ಸೋಡಿಯಾಕ್ಸಿಕೋಲಿಕ್ ಆ್ಯಸಿಡ್. ಪಿತ್ತ ಹರಿಯಲು ಅದು ನೆರವಾಗುತ್ತದೆ. ತುರಿಕೆಗೆ ಅದೊಂದೇ ಸಾಲದೆ ಹೋಗುವುದೂ ಉಂಟು.

ಆಮೇಲೆ ಬಂದದ್ದು ಕೊಲೆಸ್ಟಿರಮಿನ್ ಪುಡಿ. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಅರ್ಸೋ, ವಿಟಮಿನ್, ಈ ಪುಡಿ, ಮೂರನ್ನೂ ಬೆಳಿಗ್ಗೆ ಒಟ್ಟಿಗೇ ಕೊಡುತ್ತಿದ್ದೆ. ಪುಡಿ ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದುಕೊಂಡು ಮಲದಲ್ಲಿ ಹೊರಹಾಕುತ್ತದೆ. ಆದರೆ ಜೊತೆಗೆ ಸಿಕ್ಕ ಔಷಧಿಗಳನ್ನೂ ಹಿಡಿದುಬಿಡುತ್ತದೆ! ಬೇರೆ ಔಷಧಿಗಳನ್ನು ಪುಡಿಗಿಂತ ಒಂದು ಗಂಟೆ ಮೊದಲು ಕೊಡಿ, ಇಲ್ಲವೇ ಪುಡಿ ಕೊಟ್ಟು 4ರಿಂದ 6 ಗಂಟೆ ಬಿಟ್ಟು ಕೊಡಿ. ನಾನು ಇದನ್ನು ಬೀರುವಿನ ಬಾಗಿಲಿಗೆ ಬರೆದು ಅಂಟಿಸಿದ್ದೇನೆ. ಒಣ ಪುಡಿ ಬಾಯಿಗೆ ಹಾಕಲೇಬೇಡಿ, ಚೆನ್ನಾಗಿ ದ್ರವದಲ್ಲಿ ಕಲಸಿ. ಮಲಬದ್ಧತೆ ಆಗಬಹುದು. ಎ, ಡಿ, ಇ, ಕೆ ವಿಟಮಿನ್‌ಗಳು ಕಡಿಮೆಯಾಗದಂತೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು.

ರಿಫಾಂಪಿಸಿನ್ ಕ್ಷಯದ ಔಷಧಿ ಅಲ್ವಾ ಅಂತ ನಾನೂ ಕೇಳಿದ್ದೆ. ಹೌದು, ತುರಿಕೆಗೂ ಕೊಡುತ್ತಾರೆ. ಮೂತ್ರ, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಆದರೆ ಅದೇ ಲಿವರ್‌ಗೆ ಪೆಟ್ಟು ಕೊಡಲೂಬಹುದು. ಹಾಗಾಗಿ ಲಿವರ್ ಪರೀಕ್ಷೆಯ ತಾರೀಖು ತಪ್ಪಿಸಬೇಡಿ.

ಒಡೆವಿಕ್ಸಿಬ್ಯಾಟ್, ಮಾರಾಲಿಕ್ಸಿಬ್ಯಾಟ್ ಹೊಸವು. ಎರಡಕ್ಕೂ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2021ರಲ್ಲಿ. ಸಣ್ಣ ಕರುಳಿನ ಕೊನೆಯಲ್ಲಿ ಪಿತ್ತಾಮ್ಲಗಳು ಮತ್ತೆ ರಕ್ತಕ್ಕೆ ಸೇರುವ ದಾರಿಯನ್ನೇ ಇವು ತಡೆಯುತ್ತವೆ. ಅಲಾಜಿಲ್, ಅಥವಾ ಪಿಎಫ್‌ಐಸಿ ಎಂಬ ಇನ್ನೊಂದು ಆನುವಂಶಿಕ ಲಿವರ್ ಕಾಯಿಲೆ ಇರುವ ಮಕ್ಕಳಿಗೆ ಇವು ದೊಡ್ಡ ಆಸರೆ. ಒಡೆವಿಕ್ಸಿಬ್ಯಾಟ್ ಬೆಳಿಗ್ಗೆ ಊಟದ ಜೊತೆ. ಕೊಲೆಸ್ಟಿರಮಿನ್ ಕೂಡ ನಡೆಯುತ್ತಿದ್ದರೆ ನಡುವೆ 4 ಗಂಟೆ ಅಂತರ ಬೇಕು. ಭೇದಿ, ಹೊಟ್ಟೆನೋವು ಕಾಣಿಸಬಹುದು. ಭೇದಿ ನಿಲ್ಲದಿದ್ದರೆ ನೀರಿನಂಶ ಕಡಿಮೆಯಾಗುತ್ತದೆ, ತಡಮಾಡದೆ ಡಾಕ್ಟರಿಗೆ ತಿಳಿಸಿ.

ಇವು ಸಾಲದಿದ್ದರೆ ನಾಲ್ಟ್ರೆಕ್ಸೋನ್, ಸರ್ಟ್ರಲೀನ್ ಇವೆ. ಅದನ್ನು ಲಿವರ್ ತಜ್ಞರೇ ನಿರ್ಧರಿಸಬೇಕು.

ಡೋಸ್ ಮಗುವಿನ ತೂಕ ನೋಡಿ ಹೇಳುತ್ತಾರೆ. ಮಗು ಬೆಳೆದಂತೆ ಹಳೇ ಡೋಸ್ ಸಾಲದೆ ಹೋಗಬಹುದು. ಪ್ರತಿ ಭೇಟಿಯಲ್ಲೂ ತೂಕ ನೋಡಿಸಿ, ಡೋಸ್ ಸರಿಯಿದೆಯಾ ಅಂತ ಕೇಳಿ. ನೀವಾಗಿಯೇ ಏರಿಸುವುದು, ಇಳಿಸುವುದು ಬೇಡ.

ಜೊತೆಗೊಂದು ನೋಟ್‌ಬುಕ್ ಇಡಿ. ರಾತ್ರಿ ಎಷ್ಟು ಸಲ ಎದ್ದಳು, ಹೊಸ ಗಾಯ ಎಲ್ಲಿ, ಯಾವ ಔಷಧಿ ಎಷ್ಟು ಗಂಟೆಗೆ, ಇಷ್ಟೇ ಸಾಕು. "ಸ್ವಲ್ಪ ಪರವಾಗಿಲ್ಲ" ಅಂತ ನಾನು ಹೇಳುತ್ತಿದ್ದಾಗ ಡಾಕ್ಟರಿಗೆ ಏನೂ ಗೊತ್ತಾಗುತ್ತಿರಲಿಲ್ಲ. "ಏಳು ಸಲ ಏಳುತ್ತಿದ್ದವಳು ಈಗ ಎರಡು ಸಲ" ಅಂದಾಗ ಯಾವ ಔಷಧಿ ಮುಂದುವರಿಸಬೇಕೆಂದು ಅವರು ಕೂಡಲೇ ಹೇಳಿದರು.

ಉಗುರು ಕತ್ತರಿಸಿ, ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ, ಒದ್ದೆ ಮೈಗೇ ಮಾಯಿಶ್ಚರೈಸರ್ ಹಚ್ಚಿ.

ಏಟು ಬೀಳದೆ ಸುಮ್ನೆ ಮೈಮೇಲೆ ರಕ್ತ ಹೆಪ್ಪುಗಟ್ಟಿದಂಥ ಕಲೆ ಮೂಡುವುದು, ಮೂಗಿನಿಂದ ರಕ್ತ, ಕಣ್ಣು-ಮೈಯ ಹಳದಿ ಹೆಚ್ಚಾಗುವುದು, ಜ್ವರ, ನಿಲ್ಲದ ವಾಂತಿ, ತೀರಾ ಮಂಕಾಗಿ ಮಲಗಿರುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಗೆ ಕಾಯಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ನೋಟ್‌ಬುಕ್ ಜೊತೆಗಿರಲಿ.