ಮ್ಯಾರಿನರ್ಸ್ ಯಾರನ್ನ ತಗೊಂಡ್ರು, ಯಾರನ್ನ ಬಿಟ್ರು: ಫ್ಯಾನ್ ಆಗಿ ಅಳೆದು ತೂಗಿ ಮಾತಾಡೋದು ಹೇಗೆ

2023ರ ಜೂನ್ 3ಕ್ಕೆ ಸಿಯಾಟಲ್‌ನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್‌ನ ಪಿಚರ್ (ಬಾಲ್ ಎಸೆಯೋನು) ಬ್ರಯಾನ್ ವೂ ಅನ್ನೋ ಹುಡುಗ ಟೆಕ್ಸಸ್ ರೇಂಜರ್ಸ್ ವಿರುದ್ಧ ತನ್ನ ಮೊದಲ ಮೇಜರ್ ಲೀಗ್ ಮ್ಯಾಚ್ ಆಡ್ದ, ಎರಡೇ ಇನಿಂಗ್ಸ್‌ನಲ್ಲಿ 6 ರನ್ ಕೊಟ್ಟು ಇಳಿದು ಹೋದ. ಅವತ್ತಿನ ಸ್ಕೋರ್ ಒಂದನ್ನೇ ನೋಡಿದವ್ರಿಗೆ ಇವನನ್ನ ಯಾಕಪ್ಪಾ ಮೇಲಕ್ಕೆ ಕರೆಸಿದ್ರು ಅನ್ಸೋದು ಸಹಜ. ಅದೇ ವೂ 2025ರಲ್ಲಿ ಆಲ್ ಸ್ಟಾರ್ ಆದ, ಆ ಸೀಸನ್‌ನ ಮೊದಲ 25 ಸ್ಟಾರ್ಟ್‌ಗಳಲ್ಲಿ, ಅಂದ್ರೆ ಅವನೇ ಪಿಚಿಂಗ್ ಶುರು ಮಾಡಿದ ಮ್ಯಾಚ್‌ಗಳಲ್ಲಿ, ಒಂದರಲ್ಲೂ 6 ಇನಿಂಗ್ಸ್‌ಗಿಂತ ಕಮ್ಮಿ ಹಾಕಿಲ್ಲ.

ರೆಡ್ಮಂಡ್, ಬೆಲ್‌ವ್ಯೂ, ಬಾಥೆಲ್ ಕಡೆ ಇರೋ ನಮ್ಮ ಕನ್ನಡದವ್ರು ಸುಮಾರು ಜನ 2025ರ ಅಕ್ಟೋಬರ್‌ನ ಪ್ಲೇಆಫ್ ನೋಡಿ ಮ್ಯಾರಿನರ್ಸ್ ಫ್ಯಾನ್ ಆದ್ರು, ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಆಟ ಬೇಗ ಅರ್ಥ ಆಗುತ್ತೆ, ಆದ್ರೆ ಸೀಸನ್ ಮಧ್ಯೆ ದಿನಾ ಬರೋ ಸುದ್ದಿ, ಇವನನ್ನ ಕೆಳಗಿನ ಹಂತದ ತಂಡ ಟಕೋಮಾಗೆ ಕಳಿಸಿದ್ರು, ಅವನನ್ನ ಡಿಎಫ್‌ಎ ಮಾಡಿದ್ರು, ಇನ್ನೊಬ್ಬನನ್ನ ವೇವರ್ಸ್‌ನಲ್ಲಿ ಎತ್ಕೊಂಡ್ರು, ಇದೆಲ್ಲಾ ತಲೆಗೆ ಹತ್ತಲ್ಲ. ಅಂಥವ್ರಿಗೆ ಇದನ್ನ ಬರೀತಿದೀನಿ. ನನ್ನ ವಾದ ಇಷ್ಟೇ, ಇಂಥ ಸುದ್ದಿಗಳಲ್ಲಿ ಮುಕ್ಕಾಲು ಪಾಲು ನಿಯಮದ ಒತ್ತಡಕ್ಕೆ ಆಗೋವು, ಅದಕ್ಕೆ ಸಿಟ್ಟಾಗಿ ಉಪಯೋಗ ಇಲ್ಲ. ಮ್ಯಾನೇಜ್‌ಮೆಂಟ್‌ನ ನಿಜವಾದ ಯೋಗ್ಯತೆ ಗೊತ್ತಾಗೋದು ಅವ್ರು ಯಾವ ಪಿಚರ್‌ನ ಆರಿಸ್ತಾರೆ, ಅವನ ಕೈಗೆ ಏನು ಹೊಸದು ಕಲಿಸ್ತಾರೆ, ಯಾರನ್ನ ಮಾರದೇ ಇಟ್ಕೋತಾರೆ ಅನ್ನೋದ್ರಲ್ಲಿ.

ಮೊದಲು ಎರಡು ಪಟ್ಟಿ ತಲೇಲಿ ಇಟ್ಕೊಳ್ಳಿ. ಒಂದು 40 ಜನರದ್ದು, ಇನ್ನೊಂದು ಅದರೊಳಗೇ ಇರೋ 26 ಜನರದ್ದು, ಮ್ಯಾಚ್ ಆಡೋರು ಈ 26 ಜನ ಮಾತ್ರ. ಸೆಪ್ಟೆಂಬರ್‌ನಲ್ಲಿ ಅದು 28 ಆಗುತ್ತೆ. 26ರಲ್ಲಿ ಪಿಚರ್‌ಗಳು 13ಕ್ಕಿಂತ ಜಾಸ್ತಿ ಇರೋ ಹಾಗಿಲ್ಲ, ಈ ಒಂದು ನಿಯಮ ಗೊತ್ತಿದ್ರೆ ಅರ್ಧ ಗೊಂದಲ ಕಳೀತು. ಯಾಕಂದ್ರೆ ಒಂದು ಮ್ಯಾಚ್ 9ರಲ್ಲಿ ಮುಗಿಯದೇ 12, 13 ಇನಿಂಗ್ಸ್‌ಗೆ ಎಳೆದ್ರೆ ಬುಲ್‌ಪೆನ್, ಅಂದ್ರೆ ಸ್ಟಾರ್ಟರ್ ಇಳಿದ ಮೇಲೆ ಬಂದು ಹಾಕೋ ಪಿಚರ್‌ಗಳ ಗುಂಪು, ಪೂರ್ತಿ ಸುಸ್ತಾಗಿರುತ್ತೆ, ಮಾರನೇ ದಿನ ಹಾಕೋಕೆ ಹೊಸ ಕೈ ಬೇಕು, ಹದಿನಾಲ್ಕನೆಯವನಿಗೆ ಜಾಗ ಇಲ್ಲ, ಹಾಗಾಗಿ ನಿನ್ನೆ ಚೆನ್ನಾಗೇ ಹಾಕಿದ ಹುಡುಗನನ್ನೇ ಕೆಳಗೆ ಕಳಿಸ್ತಾರೆ. ಅವನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಅವನನ್ನ ಕಳಿಸೋಕೆ ಆಗುತ್ತೆ ಅಂತ ಅಷ್ಟೇ.

ಹಾಗೆ ಕಳಿಸೋಕೆ ಆಗೋದನ್ನೇ ಆಪ್ಷನ್ ಅನ್ನೋದು. 40ರ ಪಟ್ಟಿಗೆ ಸೇರಿದ ಆಟಗಾರನಿಗೆ ಸಾಮಾನ್ಯವಾಗಿ ಮೂರು ಆಪ್ಷನ್ ವರ್ಷ ಇರುತ್ತೆ, ಆ ವರ್ಷಗಳಲ್ಲಿ ಬೇರೆ ತಂಡಗಳ ಕಣ್ಣಿಗೆ ಬೀಳಿಸದೇ ಅವನನ್ನ ಮೈನರ್ ಲೀಗ್‌ಗೆ, ಅಂದ್ರೆ ಕೆಳಗಿನ ಹಂತದ ತಂಡಗಳಿಗೆ, ಕಳಿಸಬಹುದು, 2022ರಿಂದ ಒಂದು ಸೀಸನ್‌ಗೆ ಐದೇ ಸಲ ಅಂತ ಮಿತಿ ಹಾಕಿದಾರೆ. ಪಿಚರ್ ಒಮ್ಮೆ ಕೆಳಗೆ ಹೋದ ಅಂದ್ರೆ 15 ದಿನ ವಾಪಸ್ ಬರೋ ಹಾಗಿಲ್ಲ, ಮೇಲಿರೋ ಯಾರಾದ್ರೂ ಇಂಜ್ಯುರಿ ಲಿಸ್ಟ್‌ಗೆ ಹೋದ್ರೆ ಮಾತ್ರ ಮುಂಚೆ ಕರೀಬಹುದು. ಆಪ್ಷನ್ ಮುಗಿದವನನ್ನ ಇಳಿಸಬೇಕಂದ್ರೆ ಮೊದಲು ವೇವರ್ಸ್ ದಾಟಿಸಬೇಕು, ಅಂದ್ರೆ ಬೇರೆ ತಂಡಗಳು ಬೇಕಿದ್ರೆ ಎತ್ಕೊಂಡ್ ಹೋಗಬಹುದು. ಅದಕ್ಕೇ ಹೊಸಬ ಮೊನಚಾಗಿದ್ರೂ ಕೆಳಗೆ, ಹಳಬ ಮಂಕಾಗಿದ್ರೂ ಮೇಲೆ ಅನ್ನೋ ದೃಶ್ಯ ಏಪ್ರಿಲ್‌ನಲ್ಲಿ ತುಂಬ ಕಾಣಿಸುತ್ತೆ. ಯಾವುದೇ ಸುದ್ದಿ ಬಂದ ತಕ್ಷಣ ಮೊದಲು ಕೇಳ್ಕೊಳ್ಳಬೇಕಾದ ಪ್ರಶ್ನೆ ಒಂದೇ, ಇವನಿಗೆ ಆಪ್ಷನ್ ಉಳಿದಿದೆಯಾ? ಫ್ಯಾನ್‌ಗ್ರಾಫ್ಸ್‌ನಲ್ಲಿ ಪ್ರತಿ ತಂಡದ ರೋಸ್ಟರ್ ಪುಟ ಇದೆ, ಅಲ್ಲಿ ಪ್ರತಿಯೊಬ್ಬನ ಹೆಸರಿನ ಪಕ್ಕ ಇದು ಸಿಗುತ್ತೆ, ಬುಕ್‌ಮಾರ್ಕ್ ಮಾಡಿ ಇಟ್ಕೊಳ್ಳಿ.

ಡಿಎಫ್‌ಎ ಅಂದ್ರೆ 40ರ ಪಟ್ಟಿಯಿಂದಲೇ ಹೊರಗೆ ಹಾಕೋದು. ಆಮೇಲೆ ತಂಡಕ್ಕೆ 7 ದಿನ ಟೈಮ್, ಅಷ್ಟರಲ್ಲಿ ಟ್ರೇಡ್ ಮಾಡಬೇಕು, ಇಲ್ಲಾ ವೇವರ್ಸ್‌ಗೆ ಬಿಡಬೇಕು, ಇಲ್ಲಾ ಬಿಡುಗಡೆ. ಗಾಯ ಆದ್ರೆ ಪಿಚರ್‌ಗೆ 15 ದಿನದ ಪಟ್ಟಿ, ದೊಡ್ಡ ಗಾಯಕ್ಕೆ 60 ದಿನದ್ದು, ಈ 60ರ ಪಟ್ಟಿಗೆ ಹಾಕಿದ್ರೆ 40ರಲ್ಲಿ ಒಂದು ಜಾಗ ಖಾಲಿ ಆಗುತ್ತೆ. ಹಾಗಾಗಿ ಒಬ್ಬನನ್ನ 60ಕ್ಕೆ ಸರಿಸಿದ ದಿನವೇ ಇನ್ನೊಬ್ಬನ ಹೆಸರು ಬಂದ್ರೆ ಎರಡೂ ಒಂದೇ ಸುದ್ದಿ ಅಂತ ಓದ್ಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಸಿಟ್ಟು ಬರಲೇಬೇಕು ಅಂತ ನನ್ನ ಅಭಿಪ್ರಾಯ, ಅದು ಸರ್ವೀಸ್ ಟೈಮ್. 172 ದಿನ ಮೇಲಿದ್ರೆ ಒಂದು ವರ್ಷ ಅಂತ ಲೆಕ್ಕ, ಹಾಗೆ ಆರು ವರ್ಷ ಆದ್ಮೇಲೆ ಆಟಗಾರ ಫ್ರೀ ಏಜೆಂಟ್, ಯಾವ ತಂಡಕ್ಕೆ ಬೇಕಾದ್ರೂ ಹೋಗಬಹುದು. ಸೀಸನ್ ಶುರುವಲ್ಲಿ ಸ್ವಲ್ಪ ದಿನ ಹುಡುಗನನ್ನ ಕೆಳಗೇ ಕೂರಿಸಿದ್ರೆ ತಂಡಕ್ಕೆ ಒಂದು ವರ್ಷ ಜಾಸ್ತಿ ಸಿಗುತ್ತೆ. 2021ರ ಫೆಬ್ರವರಿಯಲ್ಲಿ ಮ್ಯಾರಿನರ್ಸ್‌ನ ಆಗಿನ ಅಧ್ಯಕ್ಷ ಕೆವಿನ್ ಮ್ಯಾಥರ್ ಒಂದು ರೋಟರಿ ಸಭೇಲಿ ಈ ಲೆಕ್ಕಾಚಾರದ ಬಗ್ಗೆ ಬಾಯಿ ಬಿಟ್ಟು ಮಾತಾಡಿ, ಆ ವಿಡಿಯೋ ಹೊರಗೆ ಬಂದು, ರಾಜೀನಾಮೆ ಕೊಡಬೇಕಾಯ್ತು. ಮಾರನೇ ವರ್ಷ 2022ರಲ್ಲಿ ಹೂಲಿಯೋ ರೊಡ್ರಿಗೇಸ್‌ನ ಮೊದಲ ದಿನದಿಂದಲೇ ಆಡಿಸಿದ್ರು, ಅವನು ರೂಕಿ ಆಫ್ ದ ಇಯರ್, ಅಂದ್ರೆ ವರ್ಷದ ಅತ್ಯುತ್ತಮ ಹೊಸಬ ಆದ, ಅದಕ್ಕೆ ತಂಡಕ್ಕೆ 2023ರ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನ ತಂಡಗಳು ಸರದಿ ಪ್ರಕಾರ ಆರಿಸೋ ದಿನ) ಒಂದು ಹೆಚ್ಚುವರಿ ಆಯ್ಕೆನೂ ಸಿಕ್ತು. ಹುಡುಗನನ್ನ ನ್ಯಾಯವಾಗಿ ನಡೆಸಿಕೊಂಡ್ರೆ ತಂಡಕ್ಕೂ ಲಾಭ ಆಗೋ ಹಾಗೆ ಈಗ ನಿಯಮ ಇದೆ, ಇದು ನಂಗೆ ತುಂಬ ಇಷ್ಟ ಆದ ಬದಲಾವಣೆ.

ಈಗ ಪಿಚಿಂಗ್‌ಗೆ ಬರೋಣ, ಈ ತಂಡದ ಜೀವ ಇರೋದೇ ಅಲ್ಲಿ.

ಪಿಚರ್ ಬೆಳೀತಿದಾನಾ ಅಂತ ನೋಡೋಕೆ ಇಆರ್‌ಎ, ಅಂದ್ರೆ ಫೀಲ್ಡರ್‌ಗಳ ಎರರ್‌ನಿಂದ ಬಂದಿದ್ದು ಬಿಟ್ಟು 9 ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಅನ್ನೋ ಲೆಕ್ಕ, ಮೊದಲ ಎರಡು ತಿಂಗಳು ಅದನ್ನ ಪಕ್ಕಕ್ಕಿಡಿ. ಅದರಲ್ಲಿ ಫೀಲ್ಡರ್‌ಗಳ ಕೈವಾಡ ಇದೆ, ಅದೃಷ್ಟ ಇದೆ, ಮೈದಾನ ಇದೆ. ನಮ್ಮ ಮೈದಾನ ಟಿ-ಮೊಬೈಲ್ ಪಾರ್ಕ್‌ನಲ್ಲಿ ಸಮುದ್ರದ ಕಡೆಯ ತಣ್ಣನೆ ಗಾಳಿಗೆ ಬಾಲ್ ದೂರ ಹೋಗಲ್ಲ, ರನ್ ಬರೋದೇ ಕಷ್ಟ, ಹಾಗಾಗಿ ನಮ್ಮ ಪಿಚರ್‌ಗಳ ಅಂಕಿ ಮನೇಲಿ ಯಾವಾಗ್ಲೂ ಸ್ವಲ್ಪ ಚೆಂದ ಕಾಣುತ್ತೆ, ಹೊರಗಿನ ಮ್ಯಾಚ್‌ಗಳ ಅಂಕಿ ಬೇರೆ ತೆಗೆದು ನೋಡಿ. ಇಆರ್‌ಎ ಬದಲು ಎಷ್ಟು ಶೇಕಡಾ ಬ್ಯಾಟರ್‌ಗಳನ್ನ ಸ್ಟ್ರೈಕ್‌ಔಟ್ ಮಾಡ್ದ (ಮೂರು ಸ್ಟ್ರೈಕ್‌ಗೆ ಔಟ್), ಎಷ್ಟು ಶೇಕಡಾ ಜನರಿಗೆ ವಾಕ್ ಕೊಟ್ಟ (ನಾಲ್ಕು ಬಾಲ್ ಹೊರಗೆ ಹಾಕಿ ಪುಕ್ಕಟೆ ಬೇಸ್), ಮೊದಲನೇದ್ರಿಂದ ಎರಡನೇದನ್ನ ಕಳೀರಿ. ಲೀಗ್‌ನಲ್ಲಿ ಸ್ಟ್ರೈಕ್‌ಔಟ್ ಹೆಚ್ಚುಕಮ್ಮಿ 22 ಶೇಕಡಾ, ವಾಕ್ 8ರ ಆಸುಪಾಸು, ಹಾಗಾಗಿ ಉತ್ತರ 14ರ ಹತ್ತಿರ ಬಂದ್ರೆ ಸಾಧಾರಣ, 20 ದಾಟಿದ್ರೆ ಹುಡುಗ ಭಾರೀ. ಸ್ಟ್ರೈಕ್‌ಔಟ್ ಪ್ರಮಾಣ ಒಂದು 70 ಬ್ಯಾಟರ್‌ಗಳು ಆದ್ಮೇಲೆ ಸುಮಾರಾಗಿ ನಂಬಬಹುದು, ಅಂದ್ರೆ ಸ್ಟಾರ್ಟರ್‌ಗೆ ಮೂರು ನಾಲ್ಕು ಮ್ಯಾಚ್. ವೂ ಮೊದಲ ದಿನ ಹೊಡೆಸ್ಕೊಂಡಾಗ ಕಾಯಬೇಕಿದ್ದು ಇಷ್ಟೇ.

ವಾಕ್ ವಿಷಯದಲ್ಲಿ ಜಾರ್ಜ್ ಕರ್ಬಿನ ನೋಡಿ. 2023ರಲ್ಲಿ 190 ಇನಿಂಗ್ಸ್ ಹಾಕಿ ಬರೀ 19 ವಾಕ್ ಕೊಟ್ಟ! ಸ್ಟ್ರೈಕ್ ಹಾಕು, ಬ್ಯಾಟರ್‌ನ ನೇರ ಎದುರಿಸು ಅನ್ನೋದು ಈ ಸಂಸ್ಥೆ ಕೆಳಗಿನ ಹಂತದಿಂದಲೇ ಹೇಳ್ಕೊಂಡು ಬಂದಿರೋ ಪಾಠ, ಲೋಗನ್ ಗಿಲ್ಬರ್ಟ್, ಕರ್ಬಿ, ಬ್ರೈಸ್ ಮಿಲ್ಲರ್, ವೂ ನಾಲ್ಕೂ ಜನ ಇದೇ ಗರಡಿಯಲ್ಲಿ ತಯಾರಾದವ್ರು.

ಎರಡನೇದು, ಹೊಸ ಪಿಚ್ ಬಂತಾ ನೋಡಿ. ಬೇಸ್‌ಬಾಲ್ ಸಾವಂತ್ ಅನ್ನೋ ಸೈಟ್‌ನಲ್ಲಿ ಪ್ರತಿ ಪಿಚರ್ ಯಾವ ಯಾವ ಪಿಚ್ ಎಷ್ಟು ಶೇಕಡಾ ಹಾಕ್ತಾನೆ, ಎಷ್ಟು ವೇಗ, ಎಷ್ಟು ತಿರುಗುತ್ತೆ ಎಲ್ಲಾ ಪುಕ್ಕಟೆ ಸಿಗುತ್ತೆ. ಹೋದ ವರ್ಷದ್ದು, ಈ ವರ್ಷದ್ದು ಅಕ್ಕಪಕ್ಕ ಇಟ್ಟು ನೋಡಿದ್ರೆ ಕೋಚ್‌ಗಳು ಚಳಿಗಾಲದಲ್ಲಿ ಏನು ಕೆಲಸ ಮಾಡಿದ್ರು ಅಂತ ತಾನಾಗೇ ತಿಳಿಯುತ್ತೆ. ಮಿಲ್ಲರ್ 2023ರಲ್ಲಿ ಬಂದಾಗ ಫಾಸ್ಟ್‌ಬಾಲ್ ಚೆನ್ನಾಗಿತ್ತು, ಎಡಗೈ ಬ್ಯಾಟರ್‌ಗಳಿಗೆ ಹಾಕೋಕೆ ಸರಿಯಾದ ಅಸ್ತ್ರ ಇರ್ಲಿಲ್ಲ, 2024ಕ್ಕೆ ಸ್ಪ್ಲಿಟರ್, ಅಂದ್ರೆ ಬ್ಯಾಟರ್ ಹತ್ತಿರ ಬಂದು ಕೆಳಗೆ ಬೀಳೋ ಪಿಚ್, ಕಲ್ತು ಬಂದ, ಆ ವರ್ಷ ಬೇರೆ ಪಿಚರ್ ಥರನೇ ಕಂಡ. ಗಿಲ್ಬರ್ಟ್‌ನೂ ಹಾಗೇ ಸ್ಪ್ಲಿಟರ್ ಸೇರಿಸ್ಕೊಂಡವ್ನೇ, 2024ರಲ್ಲಿ 208 ಇನಿಂಗ್ಸ್ ಹಾಕಿ ಇಡೀ ಮೇಜರ್ ಲೀಗ್‌ನಲ್ಲಿ ಮುಂದೆ ಇದ್ದ. ವೂ ಕಥೆ ಬೇರೆ, ಅವನು ಹಾಕೋದ್ರಲ್ಲಿ ಮುಕ್ಕಾಲು ಭಾಗದ ಹತ್ತಿರ ಫಾಸ್ಟ್‌ಬಾಲೇ, ಆದ್ರೆ ಎರಡು ಥರ, ಒಂದು ನೇರ ಮೇಲಕ್ಕೆ ಹೋದ ಹಾಗೆ ಕಾಣೋದು, ಇನ್ನೊಂದು ಒಳಕ್ಕೆ ನುಗ್ಗೋ ಸಿಂಕರ್, ಕೈ ಕೆಳಗಿಂದ ಬರೋದ್ರಿಂದ ಬ್ಯಾಟರ್‌ಗೆ ಬಾಲ್ ಚಪ್ಪಟೆಯಾಗಿ ಬಂದ ಹಾಗೆ ಕಾಣುತ್ತೆ, ಬ್ಯಾಟು ಅದರ ಕೆಳಗೆ ಹೋಗುತ್ತೆ.

ಈ ವೂನ 2021ರ ಡ್ರಾಫ್ಟ್‌ನಲ್ಲಿ ಆರನೇ ರೌಂಡ್‌ನಲ್ಲಿ ತಗೊಂಡ್ರು. ಕಾಲೇಜಲ್ಲಿ ಅವನ ಇಆರ್‌ಎ 6 ದಾಟಿತ್ತು, ಡ್ರಾಫ್ಟ್‌ಗೆ ಮುಂಚೆ ಮೊಣಕೈಗೆ ಟಾಮಿ ಜಾನ್ ಸರ್ಜರಿ ಬೇರೆ ಆಗಿತ್ತು. ಅದೇ ಡ್ರಾಫ್ಟ್‌ನ ನಾಲ್ಕನೇ ರೌಂಡ್‌ನಲ್ಲಿ ಮಿಲ್ಲರ್. ಒಂದೇ ವರ್ಷ, ಮಧ್ಯದ ರೌಂಡ್‌ಗಳಲ್ಲಿ, ಇಬ್ಬರು ಸ್ಟಾರ್ಟರ್! ಡ್ರಾಫ್ಟ್ ದಿನ ಯಾರಾದ್ರೂ ಅಂಕಿ ತೋರಿಸಿ ಇವನ್ಯಾಕೆ ಅಂದ್ರೆ, ಅವನ ಕೈ ಹೇಗೆ ಬರುತ್ತೆ, ಬಾಲ್‌ನ ಆಕಾರ ಏನು ಅಂತ ಕೇಳಿ. ಮ್ಯಾರಿನರ್ಸ್ ನೋಡೋದು ಅದನ್ನೇ.

ಮೈನರ್ ಲೀಗ್ ಅಂಕಿ ಓದುವಾಗ ಇನ್ನೊಂದು ಎಚ್ಚರ. ಕರ್ಬಿ, ಮಿಲ್ಲರ್, ವೂ ಮೂರೂ ಜನ ಡಬಲ್ ಎ (ಮೇಜರ್ ಲೀಗ್‌ಗಿಂತ ಎರಡು ಹಂತ ಕೆಳಗೆ) ತಂಡ ಅರ್ಕಾನ್ಸಾದಿಂದ ನೇರ ಸಿಯಾಟಲ್‌ಗೆ ಬಂದ್ರು. ಟ್ರಿಪಲ್ ಎ (ಒಂದೇ ಹಂತ ಕೆಳಗೆ) ಟಕೋಮಾ ಆಡೋ ಪೆಸಿಫಿಕ್ ಕೋಸ್ಟ್ ಲೀಗ್‌ನಲ್ಲಿ ಎತ್ತರದ ಊರುಗಳು, ಒಣ ಗಾಳಿ, ರನ್ ಮಳೆ, ಅಲ್ಲಿ ಇಆರ್‌ಎ 5 ಇದ್ರೂ ಹುಡುಗ ಕೆಟ್ಟವನೇನಲ್ಲ. ಹಾಗಾಗಿ ಟಕೋಮಾದಲ್ಲಿ ಇರೋನೇ ಮುಂದೆ ಬರೋನು, ಅರ್ಕಾನ್ಸಾದಲ್ಲಿರೋನು ಇನ್ನೂ ದೂರ ಅಂತ ತಿಳ್ಕೋಬೇಡಿ.

ಬುಲ್‌ಪೆನ್‌ದು ಬೇರೇನೇ ಲೆಕ್ಕ. ಅಲ್ಲಿ ಈ ತಂಡ ಬೇರೆಯವ್ರು ಬಿಟ್ಟಿದ್ದನ್ನ ಎತ್ಕೊಂಡು ಸರಿ ಮಾಡುತ್ತೆ. ಪಾಲ್ ಸೀವಾಲ್ಡ್‌ನ ನ್ಯೂಯಾರ್ಕ್ ಮೆಟ್ಸ್ ಕೈಬಿಟ್ಟಿತ್ತು, 2021ಕ್ಕೆ ಮೈನರ್ ಲೀಗ್ ಒಪ್ಪಂದದ ಮೇಲೆ ಬಂದ, ಆ ವರ್ಷ 64 ಇನಿಂಗ್ಸ್‌ನಲ್ಲಿ 104 ಸ್ಟ್ರೈಕ್‌ಔಟ್. ಗೇಬ್ ಸ್ಪೈಯರ್ 2022ರ ಕೊನೇಲಿ ಕ್ಯಾನ್ಸಸ್ ಸಿಟಿಯಿಂದ ವೇವರ್ಸ್‌ನಲ್ಲಿ ಸಿಕ್ಕಿದವ್ನು. ಆಂಡ್ರೆಸ್ ಮುನ್ಯೋಸ್ 2020ರಲ್ಲಿ ಸ್ಯಾನ್ ಡಿಯಾಗೋ ಟ್ರೇಡ್‌ನಲ್ಲಿ ಬಂದಾಗ ಸರ್ಜರಿ ಆಗಿ ಕೂತಿದ್ದ, ಆ ವರ್ಷ ಹಾಕೋ ಹಾಗೇ ಇರ್ಲಿಲ್ಲ. ಇಂಥ ಸಣ್ಣ ಸುದ್ದಿ ಬಂದಾಗ ಅಯ್ಯೋ ಯಾರೋ ಒಬ್ಬ ಅಂತ ದಾಟ್ಕೊಂಡು ಹೋಗ್ಬೇಡಿ, ಸಾವಂತ್‌ನಲ್ಲಿ ಅವನ ಸ್ಲೈಡರ್ (ಪಕ್ಕಕ್ಕೆ ತಿರುಗೋ ಪಿಚ್) ಒಮ್ಮೆ ತೆಗೆದು ನೋಡಿ.

ಟ್ರೇಡ್ ಬಗ್ಗೆ ಫ್ಯಾನ್‌ಗಳ ಜಗಳ ಇದ್ದಿದ್ದೇ. 2021ರ ಜುಲೈನಲ್ಲಿ ಕೆಂಡಲ್ ಗ್ರೇವ್‌ಮನ್‌ನ ಎದುರಾಳಿ ಹ್ಯೂಸ್ಟನ್‌ಗೇ ಕೊಟ್ಟಾಗ ತಂಡದ ಆಟಗಾರರೇ ಕೆರಳಿ ನಿಂತ್ರು, 2023ರಲ್ಲಿ ಸೀವಾಲ್ಡ್‌ನ ಅರಿಜೋನಾಗೆ ಕೊಟ್ರು, ಅರಿಜೋನಾ ಅದೇ ವರ್ಷ ವರ್ಲ್ಡ್ ಸೀರೀಸ್‌ಗೆ ಹೋಯ್ತು. ಎರಡೂ ಸಲ ಕೊಟ್ಟಿದ್ದು ರಿಲೀವರ್‌ನ, ಅಂದ್ರೆ ಬುಲ್‌ಪೆನ್ ಪಿಚರ್‌ನ. ನನ್ನ ಲೆಕ್ಕದಲ್ಲಿ ರಿಲೀವರ್ ಮಾರೋದು ತಪ್ಪಲ್ಲ, ಅವ್ರನ್ನ ಈ ತಂಡ ಮತ್ತೆ ಹುಟ್ಟಿಸುತ್ತೆ, ಆದ್ರೆ ಗೆಲ್ತಿರೋ ಜುಲೈನಲ್ಲಿ ಆಟಗಾರರ ಮನಸ್ಸು ಮುರಿಯೋದಕ್ಕೂ ಒಂದು ಬೆಲೆ ಇದೆ, ಅದನ್ನ ಅಂಕಿಯವ್ರು ಲೆಕ್ಕಕ್ಕೆ ತಗೊಳ್ಳಲ್ಲ. ಸ್ಟಾರ್ಟರ್ ವಿಷಯದಲ್ಲಿ ನಾನು ಗಟ್ಟಿ, ಮಾರಬಾರದು. 2024ರಲ್ಲಿ ಸ್ಟಾರ್ಟರ್‌ಗಳು ಇಡೀ ಲೀಗ್‌ಗೇ ಬೆಸ್ಟ್ ಇದ್ರೂ ರನ್ ಹೊಡೆಯೋರಿಲ್ದೇ 85 ಗೆದ್ದು ಪ್ಲೇಆಫ್ ತಪ್ಪಿತು, ಆ ಚಳಿಗಾಲ ಪೂರ್ತಿ ಸ್ಟಾರ್ಟರ್ ಲೂಯಿಸ್ ಕಾಸ್ಟಿಯೋನ ಕೊಟ್ಟು ಒಬ್ಬ ಬ್ಯಾಟರ್ ತನ್ನಿ ಅನ್ನೋ ಕೂಗು. ಕೊಡ್ಲಿಲ್ಲ. 2025ರಲ್ಲಿ ಕರ್ಬಿ ಭುಜದ ನೋವಿಂದ ಶುರುವಲ್ಲೇ ಇಲ್ಲ, ಗಿಲ್ಬರ್ಟ್‌ಗೆ ಏಪ್ರಿಲ್‌ನಲ್ಲಿ ಮುಂಗೈ, ಮಿಲ್ಲರ್‌ಗೆ ಮೊಣಕೈ. ಕಾಸ್ಟಿಯೋ ಇಲ್ದೇ ಹೋಗಿದ್ರೆ ಆ ಬೇಸಿಗೆ ದಾಟ್ತಾನೇ ಇರ್ಲಿಲ್ಲ. ಬ್ಯಾಟರ್‌ಗಳನ್ನ ಜುಲೈನಲ್ಲಿ ತಂದ್ರು, ಜಾಶ್ ನೇಲರ್, ಯೂಹೇನಿಯೋ ಸ್ವಾರೆಸ್ ಇಬ್ರೂ ಅರಿಜೋನಾದಿಂದ, ಸ್ಟಾರ್ಟರ್‌ಗಳಲ್ಲಿ ಒಬ್ಬನನ್ನೂ ಕೊಡದೇ. ಆ ವರ್ಷದ ಪ್ಲೇಆಫ್‌ನಲ್ಲಿ ಡೆಟ್ರಾಯ್ಟ್ ವಿರುದ್ಧದ 15 ಇನಿಂಗ್ಸ್‌ನ ಮ್ಯಾಚ್‌ನಲ್ಲಿ ಗಿಲ್ಬರ್ಟ್, ಕಾಸ್ಟಿಯೋ ಇಬ್ರೂ ಬುಲ್‌ಪೆನ್‌ನಿಂದ ಬಂದು ಹಾಕಿದ್ದು ನೋಡಿದವ್ರಿಗೆ ನಾನು ಬೇರೆ ವಾದ ಮಾಡಬೇಕಿಲ್ಲ.

ಮ್ಯಾನೇಜರ್ ನಿರ್ಧಾರ ಅಳೆಯೋದಕ್ಕೂ ಇದೇ ದಾರಿ, ಆ ಕ್ಷಣದಲ್ಲಿ ಗೊತ್ತಿದ್ದಿದ್ದನ್ನ ಮಾತ್ರ ಇಟ್ಕೊಂಡು ಮಾತಾಡಿ. 2025 ಅಕ್ಟೋಬರ್ 20, ಟೊರಾಂಟೋ, ಅಮೆರಿಕನ್ ಲೀಗ್ ಫೈನಲ್ ಸರಣಿಯ ಏಳನೇ ಮ್ಯಾಚ್, ಏಳನೇ ಇನಿಂಗ್ಸ್, ನಾವು 3-1 ಮುಂದೆ, ಒಬ್ಬ ಔಟ್, ಎರಡು ಮತ್ತು ಮೂರನೇ ಬೇಸ್‌ನಲ್ಲಿ ಜನ, ಎದುರಿಗೆ ಟೊರಾಂಟೋ ಬ್ಯಾಟರ್ ಜಾರ್ಜ್ ಸ್ಪ್ರಿಂಗರ್. ಮ್ಯಾನೇಜರ್ ಡ್ಯಾನ್ ವಿಲ್ಸನ್ ರಿಲೀವರ್ ಎಡ್ವರ್ಡ್ ಬಸಾರ್ಡೋನ ಕರೆದ್ರು, ಮುನ್ಯೋಸ್ ಇನ್ನೂ ಬುಲ್‌ಪೆನ್‌ನಲ್ಲೇ ಇದ್ದ, ಸ್ಪ್ರಿಂಗರ್ ಹೋಮ್ ರನ್ ಹೊಡೆದ, 4-3, ಮುಗೀತು. ಹೋಮ್ ರನ್ ಬಂತು ಅಂತ ತಪ್ಪು ಅನ್ನೋದು ವಾದ ಅಲ್ಲ. ಬಸಾರ್ಡೋ ಆ ವರ್ಷ ಚೆನ್ನಾಗೇ ಹಾಕಿದ್ದ. ಆದ್ರೆ ನಾಳೆ ಅನ್ನೋದೇ ಇಲ್ಲದ ಮ್ಯಾಚ್, ಸ್ಟ್ರೈಕ್‌ಔಟ್ ಒಂದೇ ಬೇಕಾಗಿದ್ದ ಗಳಿಗೆ, ತಂಡದಲ್ಲಿ ಅದನ್ನ ಎಲ್ಲರಿಗಿಂತ ಚೆನ್ನಾಗಿ ತರೋನು ಮುನ್ಯೋಸ್, ಅವನಿಗೇ ಬಾಲ್ ಕೊಡಬೇಕಿತ್ತು, ಸ್ಪ್ರಿಂಗರ್ ಔಟ್ ಆಗಿದ್ರೂ ನಾನು ಇದನ್ನೇ ಹೇಳ್ತಿದ್ದೆ.

ಕೊನೇದಾಗಿ, ಸಾಧ್ಯ ಆದ್ರೆ ಮೈನರ್ ಲೀಗ್ ಮ್ಯಾಚ್ ನೋಡೋಕೆ ಎವರೆಟ್‌ಗೋ ಟಕೋಮಾದ ಚೆನಿ ಸ್ಟೇಡಿಯಂಗೋ ಹೋಗಿ, ಬಾಥೆಲ್‌ನಲ್ಲಿರೋರಿಗೆ ಎವರೆಟ್ ಹತ್ತಿರ, ಟಿಕೆಟ್ ಕಮ್ಮಿ, ಹೋಮ್ ಪ್ಲೇಟ್ ಹಿಂದೇನೇ ಸೀಟ್ ಸಿಗುತ್ತೆ. ಸ್ಟಾರ್ಟರ್‌ನ ಐದನೇ ಇನಿಂಗ್ಸ್ ಗಮನಿಸಿ, ಬೋರ್ಡ್‌ನಲ್ಲಿ ವೇಗ ಮೊದಲ ಇನಿಂಗ್ಸ್‌ಗಿಂತ ಎಷ್ಟು ಇಳೀತು, ಮೂರನೇ ಸಲ ಬಂದ ಬ್ಯಾಟರ್‌ಗೆ ಹೊಸದಾಗಿ ಯಾವ ಪಿಚ್ ಹಾಕ್ದ, ಸ್ಟ್ರೈಕ್‌ಗಿಂತ ಬಾಲ್ ಜಾಸ್ತಿ ಆಗಿ ಹಿಂದೆ ಬಿದ್ದಾಗ ಸ್ಟ್ರೈಕ್‌ಗೆ ಯಾವುದನ್ನ ನಂಬ್ದ, ಈ ಮೂರನ್ನ ಫೋನ್‌ನಲ್ಲಿ ತಾರೀಖು ಹಾಕಿ ಬರೆದಿಟ್ಕೊಳ್ಳಿ, ಆ ಹುಡುಗನ ಹೆಸರು ಮುಂದೆ ಟ್ರೇಡ್ ಸುದ್ದೀಲಿ ಬಂದ ದಿನ ತೆಗೆದು ಓದೋಕೆ.